ಕೇಳಿ, ಹೇಳ್ತೀನಿ: ಹಿಂದಿನ ಲೈಟಿನ ಸಮಾಚಾರ

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಪಿಕಪ್ ಗಾಡಿಯ ಹಿಂದಿನ ಲೈಟಿನ ಬಗ್ಗೆಯೇ ಇವೆ. ಕಬ್ಬು ಕಡಿಯೋ ಕಾಲ, ಬೆಳಗಿನ ಜಾವ ನಾಲೆ ಬದಿಯಲ್ಲಿ ಮಂಜು, ಅದಕ್ಕೇ ಇರಬೇಕು. ಮಂಡ್ಯದಲ್ಲಿ ನಲವತ್ತು ವರ್ಷ ಗಾಡಿ ವೈರಿಂಗ್ ಮಾಡಿದ ನನಗೆ ಇದಕ್ಕಿಂತ ಇಷ್ಟದ ವಿಷಯ ಇನ್ನೊಂದಿಲ್ಲ. ಉತ್ತರ ಸ್ವಲ್ಪ ಉದ್ದವಾದರೆ ಬೈಕೋಬೇಡಿ.

ಪ್ರಶ್ನೆ: ಸಾರ್, ನನ್ನದು ನಾಲ್ಕು ವರ್ಷದ ಪಿಕಪ್. ದಿನಾ ರಾತ್ರಿ ಸೊಪ್ಪು ತುಂಬಿಕೊಂಡು ಬಂಡಿಪಾಳ್ಯ ಮಾರ್ಕೆಟ್ಟಿಗೆ ಹೋಗುತ್ತೇನೆ. ಬ್ರೇಕ್ ಒತ್ತಿದರೆ ಎಡಗಡೆ ಲೈಟು ಮಂಕಾಗುತ್ತದೆ, ಜೊತೆಗೆ ಇಂಡಿಕೇಟರೂ ಸಣ್ಣಗೆ ಉರಿಯುತ್ತದೆ ಅಂತ ಹಿಂದೆ ಬರುವ ಹುಡುಗರು ಹೇಳುತ್ತಾರೆ. ಎರಡು ಸಲ ಬಲ್ಬು ಬದಲಾಯಿಸಿದೆ. ಎಲ್‌ಇಡಿ ಹಾಕಿಸಿದರೆ ಸರಿಹೋಗುತ್ತಾ?
– ಸೊಪ್ಪಿನ ವ್ಯಾಪಾರಿ, ಶ್ರೀರಂಗಪಟ್ಟಣ ತಾಲ್ಲೂಕು

ಉತ್ತರ: ಎಲ್‌ಇಡಿ ವಿಷಯ ಆಮೇಲೆ. ಆ ಹಳೇ ಬಲ್ಬುಗಳನ್ನ ಎಸೆದಿದ್ದರೆ ಸುಮ್ನೆ ದುಡ್ಡು ದಂಡ, ಅವು ಚೆನ್ನಾಗೇ ಇದ್ದವು. ನಿಮ್ಮ ಗಾಡಿಗೆ ಅರ್ತ್ ಹೋಗಿದೆ.

ಬಲ್ಬಿಗೆ ಬಂದ ಕರೆಂಟು ಮತ್ತೆ ಬ್ಯಾಟರಿಗೆ ವಾಪಸ್ ಹೋಗಬೇಕು. ಹೋಗೋ ದಾರಿ ಗಾಡಿಯ ಚಾಸಿ, ಅದಕ್ಕೇ ಅರ್ತ್ ಅನ್ನೋದು. ಬ್ರೇಕು, ಪಾರ್ಕಿಂಗು (ರಾತ್ರಿ ಸದಾ ಉರಿಯೋ ಹಿಂದಿನ ಲೈಟು), ಇಂಡಿಕೇಟರು ಎಲ್ಲಕ್ಕೂ ಸೇರಿ ಒಂದೇ ಕಪ್ಪು ವೈರು, ಒಂದೇ ಬೋಲ್ಟು. ಅದು ತುಕ್ಕು ಹಿಡಿದರೆ ದಾರಿ ಬಂದ್. ಆಗ ಬ್ರೇಕಿನ ಕರೆಂಟು ಕಳ್ಳದಾರಿ ಹುಡುಕುತ್ತದೆ. ಇಂಡಿಕೇಟರ್ ಬಲ್ಬಿನೊಳಗೆ ಹಿಂದುಮುಂದಾಗಿ ನುಗ್ಗಿ, ಮುಂದಿನ ಇಂಡಿಕೇಟರ್ ಬಲ್ಬಿನ ಮೂಲಕ ಅರ್ತ್ ಸೇರುತ್ತದೆ. ಅಷ್ಟು ಬಲ್ಬು ದಾಟುವಷ್ಟರಲ್ಲಿ ಸುಸ್ತಾಗಿ ಯಾವುದೂ ನೆಟ್ಟಗೆ ಉರಿಯಲ್ಲ. ನಂಬಿಕೆ ಬರದಿದ್ದರೆ ಕತ್ತಲಲ್ಲಿ ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ, ನೀವು ಗಾಡಿಯ ಮುಂದೆ ನಿಂತುಕೊಳ್ಳಿ. ಎಡಗಡೆ ಮುಂದಿನ ಇಂಡಿಕೇಟರಿನಲ್ಲಿ ಬೀಡಿ ಕಿಡಿಯಷ್ಟು ಕೆಂಪು ಕಂಡರೆ ನಾನು ಹೇಳಿದ್ದೇ ಸರಿ.

ನೀವು ಸಾಗಿಸೋದು ಸೊಪ್ಪು. ಒದ್ದೆ ಕಂತೆಯಿಂದ ರಾತ್ರಿಯೆಲ್ಲ ನೀರು ತೊಟ್ಟಿಕ್ಕುತ್ತದೆ. ಹಲಗೆ ಸಂದಿನಲ್ಲಿ ಇಳಿದು ಸೀದಾ ಲೈಟಿನ ಹಿಂದಿನ ಬೋಲ್ಟಿನ ಮೇಲೆ. ಆ ಬೋಲ್ಟು ಬಿಚ್ಚಿ. ವೈರಿನ ತುದಿಯ ಕಣ್ಣು ಹಸಿರಾಗಿದ್ದರೆ ಅದನ್ನ ಕತ್ತರಿಸಿ ಹೊಸದು ಹಾಕಿಸಿ. ಕಬ್ಬಿಣ ಬಿಳಿ ಹೊಳಪು ಬರುವವರೆಗೆ ಎಮರಿ ಕಾಗದದಲ್ಲಿ ಉಜ್ಜಿ, ಬಿಗಿಯಾಗಿ ಕಟ್ಟಿ, ಮೇಲೆ ಗ್ರೀಸ್ ಮೆತ್ತಿ. ಅರ್ಧ ಗಂಟೆ ಕೆಲಸ.

ಬಲ್ಬು ತೆಗೆದಾಗ ಅದರ ಬುಡ ನೋಡಿ. ಬ್ರೇಕು, ಪಾರ್ಕಿಂಗ್ ಎರಡೂ ಸೇರಿದ ಬಲ್ಬಿನ ಮೇಲೆ 21/5 ಅಂತ ಬರೆದಿರುತ್ತದೆ. ಬ್ರೇಕಿಗೆ 21 ವ್ಯಾಟ್, ಪಾರ್ಕಿಂಗಿಗೆ 5. ಬೆಳಕಿನ ಲೆಕ್ಕದಲ್ಲಿ ವ್ಯತ್ಯಾಸ ಹತ್ತು ಪಟ್ಟಿಗೂ ಜಾಸ್ತಿ. ಬುಡದ ಎರಡು ಮೊಳೆ ಒಂದು ಮೇಲೆ, ಒಂದು ಕೆಳಗೆ ಇರೋದು ಉಲ್ಟಾ ಹಾಕಬಾರದು ಅಂತಲೇ. ಆದರೂ ನಾನು ಹಾಕಿದ್ದೇನೆ! ಅಂಗಡಿ ಇಟ್ಟ ಹೊಸದರಲ್ಲಿ, ರಾತ್ರಿ ಒಂಬತ್ತರ ಹೊತ್ತಿಗೆ, ಹಸಿವಿನಲ್ಲಿ ಬಲವಾಗಿ ತಿರುಗಿಸಿಬಿಟ್ಟೆ. ಹೋಲ್ಡರ್ ಸವೆದಿತ್ತು, ಕೂತುಕೊಂಡಿತು. ಗಾಡಿಯವರು ಮದ್ದೂರಿನವರೆಗೆ ಪಾರ್ಕಿಂಗಿಗೇ 21 ವ್ಯಾಟ್ ಉರಿಸಿಕೊಂಡು ಹೋದರು. ಬ್ರೇಕ್ ಒತ್ತಿದರೆ ಮೇಲೆ ಬರೀ 5 ಸೇರಿತು, ಹಿಂದಿನವರಿಗೆ ಗೊತ್ತೇ ಆಗಲಿಲ್ಲ. ಒಂದು ಸ್ಕೂಟರು ಬಂದು ಗುದ್ದಿತು. ದೇವರು ದೊಡ್ಡವನು, ಸವಾರನಿಗೆ ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಮಡ್‌ಗಾರ್ಡಿನ ದುಡ್ಡು ನಾನೇ ಕೊಟ್ಟೆ.

ಇನ್ನು ಎಲ್‌ಇಡಿ. ಒಳ್ಳೇದೇ. ಹಳೇ ಬಲ್ಬಿನ ತಂತಿ ಕಾದು ಪೂರ್ತಿ ಬೆಳಗಲು ಸುಮಾರು 0.2 ಸೆಕೆಂಡು ಬೇಕು, ಎಲ್‌ಇಡಿಗೆ ಆ ಕಾಯೋ ಕೆಲಸವಿಲ್ಲ. ಹಿಂದಿನ ಕಾರು ಗಂಟೆಗೆ 100 ಕಿ.ಮೀ.ನಲ್ಲಿದ್ದರೆ ಅಷ್ಟರಲ್ಲಿ ಐದೂವರೆ ಮೀಟರ್ ಮುಂದೆ ಬಂದಿರುತ್ತದೆ. ಅಂದರೆ ನಿಮ್ಮ ಪಿಕಪ್ಪಿನಷ್ಟು ಉದ್ದ. ಆದರೆ ಕಂಪನಿಯವರು ಎಲ್‌ಇಡಿಗೆ ಅಂತಲೇ ಮಾಡಿದ ಲೈಟು ಬೇರೆ, ಹಳೇ ಡೂಮಿನೊಳಗೆ (ಬಲ್ಬು ಕೂರೋ ಲೈಟಿನ ಗೂಡು) ನಾವು ತುರುಕೋ ಎಲ್‌ಇಡಿ ಬಲ್ಬು ಬೇರೆ. ಆ ಡೂಮು ಮಾಡಿರೋದು ಸುತ್ತಲೂ ಬೆಳಕು ಚೆಲ್ಲುವ ತಂತಿಗೆ. ಎಲ್‌ಇಡಿ ಒಂದೇ ಕಡೆ ನೆಟ್ಟಗೆ ಹೊಡೆಯುತ್ತದೆ, ಪಕ್ಕಕ್ಕೆ ನಿಂತರೆ ಕತ್ತಲು. ಕೆಲವದರಲ್ಲಿ ಪಾರ್ಕಿಂಗಿಗೂ ಬ್ರೇಕಿಗೂ ವ್ಯತ್ಯಾಸವೇ ತಿಳಿಯಲ್ಲ. ಹಾಕಲೇಬೇಕು ಅಂದರೆ ಕೆಂಪು ಗಾಜಿಗೆ ಕೆಂಪು ಎಲ್‌ಇಡಿಯೇ ಹಾಕಿ. ಬಿಳಿಯದು ಹಾಕಿದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇಂಡಿಕೇಟರಿಗೆ ಹಾಕಿದರೆ ಟಕಟಕ ಅಂತ ಎರಡರಷ್ಟು ವೇಗದಲ್ಲಿ ಹೊಡೆದುಕೊಳ್ಳುತ್ತದೆ. ಎಲ್‌ಇಡಿ ಕರೆಂಟು ಕಡಿಮೆ ಎಳೆಯೋದರಿಂದ, ಇಂಡಿಕೇಟರ್ ಮಿಣುಕಿಸೋ ಫ್ಲಾಶರ್ ಡಬ್ಬಿ ಬಲ್ಬು ಸುಟ್ಟಿದೆ ಅಂದುಕೊಳ್ಳುತ್ತೆ, ಪಾಪ. ಅದಕ್ಕೆ ಕರೆಂಟು ಜಾಸ್ತಿ ಎಳೆಯಲಿ ಅಂತ ರೆಸಿಸ್ಟರ್ ಕಟ್ಟುವವರಿದ್ದಾರೆ. ಅದು ಕೈ ಸುಡುವಷ್ಟು ಕಾಯುತ್ತದೆ, ವೈರಿಗೋ ಪ್ಲಾಸ್ಟಿಕ್ಕಿಗೋ ತಗುಲಿಸಬೇಡಿ. ಎಲ್‌ಇಡಿಗೆ ಹೊಂದುವ ಫ್ಲಾಶರ್ ಬರುತ್ತದೆ, ಅದನ್ನೇ ಹಾಕಿಸಿ. ಏನೇ ಮಾಡಿದರೂ ಮೊದಲು ಅರ್ತ್.

ಪ್ರಶ್ನೆ: ನಮ್ಮ ಹೊಸ ಪಿಕಪ್ಪಿನಲ್ಲಿ ಎಲ್ಲಾ ಲೈಟೂ ಸರಿಯಾಗಿವೆ. ಆದರೂ ಮೊನ್ನೆ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಸಂಜೆ ಏಳೂವರೆಗೆ ಕಾರಿನವರೊಬ್ಬರು ಪಕ್ಕಕ್ಕೆ ಬಂದು "ಹಿಂದೆ ಲೈಟೇ ಇಲ್ಲ" ಅಂತ ಕೂಗಿದರು. ಮೀಟರ್ ಬೋರ್ಡು ಉರೀತಿತ್ತು, ಮುಂದೆಯೂ ಬೆಳಕಿತ್ತು. ಇದೇನು ಮಾಯ?
– ಡ್ರೈವರ್, ಮಂಡ್ಯ

ಉತ್ತರ: ಮಾಯ ಅಲ್ಲ ತಮ್ಮಾ, ನೀನು ಸ್ವಿಚ್ಚೇ ಹಾಕಿರಲಿಲ್ಲ. ಹಗಲಲ್ಲೂ ತಾನಾಗಿ ಉರಿಯುವ ಲೈಟು ಮುಂದೆ ಮಾತ್ರ ಇರುತ್ತದೆ, ಎಷ್ಟೋ ಗಾಡಿಗಳಲ್ಲಿ ಹಿಂದಕ್ಕೆ ಅದರ ಸಂಬಂಧವಿಲ್ಲ. ಮೊದಲು ಲೈಟ್ ಹಾಕದಿದ್ದರೆ ಮೀಟರೂ ಕತ್ತಲಾಗಿರುತ್ತಿತ್ತು, ಅದೇ ನೆನಪು ಮಾಡುತ್ತಿತ್ತು. ಈಗಿನ ಮೀಟರು ಕೀ ತಿರುಗಿಸಿದರೆ ಸಾಕು, ಸಿನಿಮಾ ಪರದೆ ಹಾಗೆ ಬೆಳಗುತ್ತದೆ. ಹೆದ್ದಾರಿಯಲ್ಲಿ ಅಲ್ಲಲ್ಲಿ ಬೀದಿದೀಪವೂ ಇರುವುದರಿಂದ ಮರೆತದ್ದು ತಿಳಿಯಲ್ಲ. ಇದು ನಮ್ಮ ಕಡೆಯ ಕಾಯಿಲೆ ಮಾತ್ರ ಅಲ್ಲ. ಕೆನಡಾದಲ್ಲಿ 2021ರ ಸೆಪ್ಟೆಂಬರಿನಿಂದ ಹೊಸ ಗಾಡಿಗಳಿಗೆ ನಿಯಮವೇ ಬಂತು: ಒಂದೋ ಹಿಂದಿನ ಲೈಟೂ ಜೊತೆಗೇ ಉರಿಯಬೇಕು, ಇಲ್ಲಾ ಕತ್ತಲಾದಾಗ ಎಲ್ಲವೂ ತಾವಾಗಿ ಹತ್ತಬೇಕು, ಅದೂ ಇಲ್ಲದಿದ್ದರೆ ಮೀಟರ್ ಬೋರ್ಡು ಕತ್ತಲಾಗಿರಬೇಕು. ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ಹಿಂದಿನ ಕೆಂಪು ಲೈಟು 155 ಮೀಟರ್ ದೂರಕ್ಕೆ ಕಾಣಬೇಕು ಅಂತಿದೆ. ನಂಬರ್ ಪ್ಲೇಟಿನ ಮೇಲಿನ ಬಿಳಿ ಲೈಟಿನಲ್ಲಿ 15 ಮೀಟರ್ ದೂರದಿಂದ ನಂಬರು ಓದಲು ಬರಬೇಕು. ಆ ಕಾರಿನವರಿಗೆ ಒಂದು ಟೀ ಕೊಡಿಸಬೇಕಿತ್ತು ನೀನು.

ಪ್ರಶ್ನೆ: ಎಳನೀರು ತುಂಬಿದಾಗ ಹಿಂದಿನ ಡೋರು ಇಳಿಬಿಟ್ಟು ಹೋಗುತ್ತೇವೆ. ಪರವಾಗಿಲ್ವಾ?
– ಮದ್ದೂರು

ಉತ್ತರ: ಪರವಾಗಿದೆ! ನಮ್ಮ ಸರಕಿನ ಪಿಕಪ್ಪುಗಳಲ್ಲಿ ಲೈಟು ಇರೋದೇ ಡೆಕ್ಕಿನ ಕೆಳಗೆ. ಡೋರು ಇಳಿಬಿಟ್ಟರೆ ಅದು ಲೈಟಿನ ಮುಂದೆ ಪರದೆ ಹಾಗೆ ನೇತಾಡುತ್ತದೆ. ಲೋಡು ಡೋರಿನೊಳಗೇ ಇರಲಿ. ಬಂಪರಿಗೆ ಚಂದ ಕಾಣಲಿ ಅಂತ ದಪ್ಪ ಪೈಪು ಬೆಸೆಸುವವರದ್ದೂ ಇದೇ ಕಥೆ. ಹೋದ ವರ್ಷ ನಮ್ಮ ಅಳಿಯನ ಗಾಡಿಗೆ ಒಂದು ಬಾಡಿ ಶೆಡ್ಡಿನವರು ಹಾಗೇ ಮಾಡಿ ಕಳಿಸಿದ್ದರು, ಬ್ರೇಕ್ ಲೈಟಿನ ಮಧ್ಯಕ್ಕೆ ಸರಿಯಾಗಿ ಪೈಪು. ಕೇಳಿದರೆ "ಲುಕ್ ಸಾರ್" ಅಂದರು. ಗ್ಯಾಸ್ ಕಟ್ಟರ್ ತರಿಸಿ ಕತ್ತರಿಸಿದೆ.

ಪ್ರಶ್ನೆ: ಮಗ ಟೆಕ್ಸಾಸಿನಲ್ಲಿದ್ದಾನೆ. ಅವನ ಪಿಕಪ್ಪಿನಲ್ಲಿ ಹಿಂದಿನ ಇಂಡಿಕೇಟರೂ ಕೆಂಪೇ, ಬ್ರೇಕ್ ಲೈಟೇ ಮಿಣುಕುತ್ತದೆ. ಕ್ಯಾಬಿನ್ ನೆತ್ತಿಯ ಮೇಲೂ ಒಂದು ಬ್ರೇಕ್ ಲೈಟಿದೆ. ನಮ್ಮಲ್ಲೇಕೆ ಹೀಗಿಲ್ಲ?
– ನಿವೃತ್ತ ಮೇಷ್ಟ್ರು, ಕುವೆಂಪುನಗರ, ಮೈಸೂರು

ಉತ್ತರ: ಮೇಷ್ಟ್ರೇ, ಒಂದರಲ್ಲಿ ಅವರು ಮುಂದೆ, ಒಂದರಲ್ಲಿ ನಾವು. ನೆತ್ತಿಯ ಬ್ರೇಕ್ ಲೈಟು ಅಮೆರಿಕದಲ್ಲಿ ಕಾರುಗಳಿಗೆ 1986ರ ಮಾಡೆಲಿನಿಂದ, ಪಿಕಪ್ಪಿನಂಥ ಗಾಡಿಗಳಿಗೆ 1994ರ ಮಾಡೆಲಿನಿಂದ ಕಡ್ಡಾಯ. ಹಿಂದಿನಿಂದ ಗುದ್ದುವುದು ಇದರಿಂದ ಶೇ 4.3ರಷ್ಟು ಕಡಿಮೆಯಾಯಿತು ಅಂತ ಅಲ್ಲಿನ ಸರ್ಕಾರವೇ ಲೆಕ್ಕ ಹಾಕಿದೆ. ನಾಲ್ಕು ಅಂದರೆ ಏನು ಮಹಾ ಅನ್ನಬೇಡಿ, ಕೋಟಿಗಟ್ಟಲೆ ಗಾಡಿ ಇರುವ ದೇಶ. ನನ್ನ ಕೈಗೆ ಬಂದ ಸರಕಿನ ಪಿಕಪ್ಪುಗಳಲ್ಲಿ ಇದನ್ನ ನೋಡಿಲ್ಲ. ಇದ್ದರೂ ನಮ್ಮವರು ಟಾರ್ಪಾಲು ಎತ್ತರಕ್ಕೆ ಕಟ್ಟಿ ಮುಚ್ಚುತ್ತಿದ್ದರು, ಬಿಡಿ.

ಇಂಡಿಕೇಟರಿನಲ್ಲಿ ನಮ್ಮದೇ ಸರಿ. ನಮ್ಮಲ್ಲಿ ಹಳದಿ ಬಣ್ಣ ಕಡ್ಡಾಯ, ಅಲ್ಲಿ ಕೆಂಪೂ ನಡೆಯುತ್ತದೆ. ಕೆಂಪು ಮಿಣುಕಿದರೆ ಬ್ರೇಕೋ, ತಿರುವೋ ಅಂತ ಹಿಂದಿನವನು ಯೋಚಿಸಬೇಕು. 2009ರಲ್ಲಿ ಅವರೇ ಮಾಡಿದ ಅಧ್ಯಯನದಲ್ಲಿ ತಿರುಗುವ ಗಾಡಿಗೆ ಹಿಂದಿನಿಂದ ಗುದ್ದುವ ಪ್ರಕರಣ ಹಳದಿಯಲ್ಲಿ ಶೇ 5.3ರಷ್ಟು ಕಡಿಮೆ ಅಂತ ಬಂತು. ಮಗನಿಗೆ ಹೇಳಿ ನೋಡಿ, ಕೇಳೋ ಮಗನಾದರೆ.

ಪ್ರಶ್ನೆ: ರೇಡಿಯಂ ಯಾವ ಬಣ್ಣ ಎಲ್ಲಿಗೆ?
– ಕೆ.ಆರ್. ಪೇಟೆ

ಉತ್ತರ: ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ. ಅಂಟಿಸುವ ಮುಂಚೆ ಜಾಗ ಒರೆಸಿ ಒಣಗಿಸಿ. ಕೆಸರು ಮೆತ್ತಿದ ರೇಡಿಯಂ ಇದ್ದೂ ಇಲ್ಲದ ಹಾಗೆ.

ಪ್ರಶ್ನೆ: ಒಬ್ಬನೇ ಇದ್ದಾಗ ಬ್ರೇಕ್ ಲೈಟು ಉರಿಯುತ್ತಾ ಅಂತ ನೋಡೋದು ಹೇಗೆ?
– ಪಾಂಡವಪುರ

ಉತ್ತರ: ರಾತ್ರಿಯಾದರೆ ಗಾಡಿಯನ್ನ ಗೋಡೆಗೆ ಬೆನ್ನು ಹಾಕಿ ನಿಲ್ಲಿಸಿ, ಕನ್ನಡಿಯಲ್ಲಿ ಗೋಡೆ ಕೆಂಪಾಗೋದು ಕಾಣುತ್ತದೆ. ಆದರೆ ಒಂದು ಕಡೆ ಹೋಗಿದ್ದರೆ ಅದು ಸರಿಯಾಗಿ ತಿಳಿಯಲ್ಲ. ಅದಕ್ಕೆ ಸೀಟಿಗೂ ಬ್ರೇಕ್ ಪೆಡಲಿಗೂ ನಡುವೆ ಒಂದು ಕೋಲು ಸಿಗಿಸಿ ಇಳಿದು ಹೋಗಿ ನೋಡಿ. ನಮ್ಮ ಅಂಗಡಿಯಲ್ಲಿ ಮುರಿದ ಪೊರಕೆ ಕೋಲು ಇದೆ, ಇಪ್ಪತ್ತು ವರ್ಷದ್ದು. ನೀವು ಪಾಂಡವಪುರದವರು, ಎರಡು ಗೆಣ್ಣು ಜಾಸ್ತಿ ಬಿಟ್ಟು ಒಂದು ಜಲ್ಲೆ ಕಬ್ಬು ಮುರಿದುಕೊಳ್ಳಿ. ನೋಡಿ ಆದಮೇಲೆ ಪೆಡಲ್ ತಾಗಿದ ತುದಿ ಬಿಟ್ಟು ಉಳಿದದ್ದು ತಿನ್ನಬಹುದು.