ಕೇರ್ನ್ಸ್ ಕಡೆ ಹೋದ್ರೆ ಆ ಒಂದು ದಿನ ಬಿಡಬೇಡಿ

ಆಸ್ಟ್ರೇಲಿಯಾದ ಬ್ರಿಸ್ಬೇನ್‌ಗೆ ಹೊಸದಾಗಿ ಬಂದ ಒಬ್ಬರು ಕೇಳಿದ್ರು, ಬಂದು ಮೂರು ತಿಂಗಳಾಯ್ತು, ಆಫೀಸಲ್ಲಿ ಪ್ರತಿ ಮೀಟಿಂಗ್ ಶುರುವಲ್ಲೂ ಈ ನೆಲದ ಮೂಲ ಜನರಿಗೆ ಗೌರವ ಅಂತ ಹೇಳ್ತಾರೆ, ಆದ್ರೆ ಅವರ ಬಗ್ಗೆ ನಂಗೇನೂ ಗೊತ್ತಿಲ್ಲ, ಅವರು ನಡೆಸೋ ಟೂರ್‌ಗೆ ದುಡ್ಡು ಕೊಟ್ಟು ಹೋಗ್ಬೋದಾ ಅಂತ. ಖಂಡಿತ ಹೋಗಿ. ನಾನು ಇಲ್ಲಿ ಒಂಬತ್ತು ವರ್ಷ ಇದ್ದು ಆಮೇಲೆ ಹೋದೆ, ಮೊದಲೇ ಹೋಗ್ಬೇಕಿತ್ತು ಅಂತ ಈಗ್ಲೂ ಅನ್ಸತ್ತೆ.

ನಾವು ಹೋಗಿದ್ದು ಮಾಸ್‌ಮನ್ ಗಾರ್ಜ್ ಅನ್ನೋ ಕಾಡಿನ ಕಣಿವೆಗೆ, ಉತ್ತರ ಕ್ವೀನ್ಸ್‌ಲ್ಯಾಂಡಿನ ಕೇರ್ನ್ಸ್ ಊರಿಂದ ಕಾರಲ್ಲಿ ಒಂದೂ ಕಾಲು ಗಂಟೆ. ಅದು ಕುಕು ಯಲಂಜಿ ಅನ್ನೋ ಅಬೊರಿಜಿನಲ್ (ಮೂಲನಿವಾಸಿ) ಜನರ ನೆಲ, ಡೇನ್‌ಟ್ರೀ ಅನ್ನೋ ಮಳೆಕಾಡನ್ನ 2021ರಲ್ಲಿ ಸರ್ಕಾರ ಅವರಿಗೇ ವಾಪಸ್ ಕೊಡ್ತು. ಕರ್ಕೊಂಡು ಹೋಗೋರೂ ಅವರೇ. ಮೊದಲು ಹಸಿ ಸೊಪ್ಪಿನ ಹೊಗೆ ಹಾಕಿ ನಮ್ಮನ್ನ ಅದರ ಸುತ್ತ ನಡೆಸಿದ್ರು, ಕೆಟ್ಟದ್ದು ಹೋಗ್ಲಿ, ಕಾಡು ನಿಮ್ಮನ್ನ ಒಪ್ಕೊಳ್ಳಲಿ ಅಂತ.

ನಾನು ಮಲೆನಾಡಿನ ಕೊಪ್ಪದ ಕಡೆಯವನು, ಆ ಹೊಗೆ ದಾಟಿ ಕಾಡಿಗೆ ಹೋದ ಮೇಲೆ ನಂಗೆ ಪರದೇಶ ಅನ್ನಿಸ್ಲೇ ಇಲ್ಲ. ಒಂದು ಎಲೆ ಕಿತ್ತು ನೀರು ಹಾಕಿ ತಿಕ್ಕಿದ್ರು, ಸೋಪಿನ ಹಾಗೆ ನೊರೆ, ನಮ್ಮ ಅಂಟುವಾಳ ನೆನಪಾಯ್ತು. ಬ್ಲ್ಯಾಕ್ ಬೀನ್ ಅಂತ ದಪ್ಪ ಬೀಜ ತೋರಿಸಿದ್ರು, ಹಸೀದು ತಿಂದ್ರೆ ವಿಷ, ಅದನ್ನ ಹೆಚ್ಚಿ ಬೇಯಿಸಿ ಹರಿಯೋ ನೀರಲ್ಲಿ ದಿನಗಟ್ಲೆ ಇಟ್ಟು ವಿಷ ತೆಗೀತಿದ್ರಂತೆ, ಅಮ್ಮ ಕಳಲೆ ಹೆಚ್ಚಿ ಮೂರು ದಿನ ನೀರು ಬದಲಾಯ್ಸ್ತಾ ನೆನೆಸ್ತಿದ್ದಳಲ್ಲ, ಅದೇ ಲೆಕ್ಕ. ಬೆತ್ತದ ಬಳ್ಳಿ ಶರ್ಟ್ ಹಿಡ್ಕೊಂಡ್ರೆ ಎಳೀಬೇಡ, ನಿಂತು ಬಿಡಿಸ್ಕೋ ಅಂದ್ರು, ಅದಕ್ಕೇ ಇಲ್ಲಿ ಅದರ ಹೆಸರು ವೇಟ್ ಅ ವೈಲ್. ಜಿಂಪಿ ಜಿಂಪಿ ಗಿಡ ಮಾತ್ರ ಮುಟ್ಟಲೇಬೇಡಿ, ನಮ್ಮ ತುರುಚೆ ಸೊಪ್ಪಿನ ಥರ ಅಲ್ಲ, ಉರಿ ತಿಂಗಳುಗಟ್ಲೆ ಇರತ್ತೆ.

ಆಮೇಲೆ ಮರದ ಮೇಲೆ ಎಲೆ ಹೊಲಿದು ಗೂಡು ಕಟ್ಟಿದ ಹಸಿರು ಇರುವೆ ತೋರಿಸಿದ್ರು, ಹಿಂಭಾಗ ನೆಕ್ಕಿ ನೋಡಿ ನಿಂಬೆಹುಳಿ ಅಂದ್ರು, ನೆಗಡಿಗೆ ಮದ್ದು ಅಂತೆ. ನಂಗೆ ಮೈ ಜುಂ ಅಂತು. ಅದು ನಮ್ಮ ಮಲೆನಾಡಿನ ಚಗಳಿ ಇರುವೇನೇ ಕಣ್ರೀ, ಒಂದೇ ಜಾತಿ! ನಮ್ಮಲ್ಲಿ ಕೆಂಪು, ಇಲ್ಲಿ ಹೊಟ್ಟೆ ಹಸಿರು. ನಾವು ಚಟ್ನಿ ಅರೀತೀವಿ ಅಂತ ನಾನಂದಾಗ ನಮ್ಮನ್ನ ಕರ್ಕೊಂಡು ಹೋಗ್ತಿದ್ದ ಹಿರಿಯರು ನಿಂತು, ಹೇಗೆ ಅರೀತೀರಿ, ಏನೇನು ಹಾಕ್ತೀರಿ, ನಿಮ್ಮ ಭಾಷೇಲಿ ಏನಂತೀರಿ ಅಂತ ಒಂದೊಂದೇ ಕೇಳಿದ್ರು. ಅಲ್ಲೀವರೆಗೆ ನಾನು ಟೂರಿಸ್ಟ್ ಆಗಿದ್ದೆ.

ಒಂದು ಮಾತು, ನೀವು ಪೂರ್ತಿ ಅಬೊರಿಜಿನಲ್ಲಾ ಅರ್ಧನಾ ಅಂತ ಯಾರನ್ನೂ ಕೇಳ್ಬೇಡಿ, ಅದು ತುಂಬ ನೋಯಿಸೋ ಪ್ರಶ್ನೆ. ಫೋಟೋ ಕೇಳಿ ತೆಗೀರಿ. ಕೆಲವು ಜಾಗ, ಕೆಲವು ಕತೆ ಹೇಳಲ್ಲ ಅಂದ್ರೆ ಒತ್ತಾಯ ಮಾಡ್ಬೇಡಿ, ನಮ್ಮೂರ ದೇವರಕಾಡಿಗೂ ಕಟ್ಟುಪಾಡು ಇಲ್ವಾ. ಮಳೆಗಾಲ ಬಿಟ್ಟು ಮೇನಿಂದ ಅಕ್ಟೋಬರ್ ಒಳಗೆ ಹೋಗಿ, ಗಟ್ಟಿ ಶೂ ಹಾಕ್ಕೊಳ್ಳಿ, ಕೊನೇಲಿ ಕೊಡೋ ಟೀ ಮತ್ತು ಡ್ಯಾಂಪರ್ ರೊಟ್ಟಿ ತಿಂದೇ ಬನ್ನಿ.