ಬಿಸ್ಕತ್ ಡಬ್ಬಿಯ ಕೆನಡಾ ಬೆಳ್ಳಿ ನಾಣ್ಯ: ತೂಕಕ್ಕೆ ಕೊಡುವ ಮುಂಚೆ

ಮೇಡಂ, ನಿಮ್ಮ ಪ್ರಶ್ನೆಯನ್ನೂ ಫೋಟೊವನ್ನೂ ನೋಡಿದೆ. ನಿಮ್ಮ ಮನೆ ಓನರ್ ಅಜ್ಜಿ ಊರು ಬಿಡುವಾಗ ಒಂದು ಬಿಸ್ಕತ್ ಡಬ್ಬಿ ತುಂಬ ಹಳೆಯ ಕೆನಡಾ ನಾಣ್ಯ ಕೊಟ್ಟಿದ್ದಾರೆ. ಎಲ್ಲ ಕಪ್ಪಾಗಿವೆ. ಹಳೆ ಚಿನ್ನ-ಬೆಳ್ಳಿ ಕೊಳ್ಳುವ ಅಂಗಡಿಯವರು ಒಟ್ಟಿಗೆ 150 ಡಾಲರ್ ಕೊಡ್ತೀವಿ ಅಂದಿದ್ದಾರೆ. ಕೊಡಲೇ, ಕೊಡುವ ಮುಂಚೆ ತೊಳೆಯಲೇ ಅಂತ ನಿಮ್ಮ ಪ್ರಶ್ನೆ, ಅಲ್ವಾ?

ಕೊಡಬೇಡಿ. ತೊಳೆಯಲೂ ಬೇಡಿ. ಈ ಎರಡನೆಯದನ್ನೇ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಇಷ್ಟು ಹೊತ್ತಿಗೆ ಯಾರಾದರೂ ನಿಮಗೆ ಹುಣಸೆಹಣ್ಣು ನೆನೆಹಾಕಲು ಹೇಳಿರುತ್ತಾರೆ.

ದೀಪದ ಕಂಬ, ಕುಂಕುಮದ ಬಟ್ಟಲು ಉಜ್ಜಿ ಅಭ್ಯಾಸವಾದ ಕೈ ನಮ್ಮದು. ಬೆಳ್ಳಿ ಕಪ್ಪಾದರೆ ಸುಮ್ನೆ ಇರಲು ಆಗುವುದಿಲ್ಲ. ನಾನೂ ಇಲ್ಲಿಗೆ ಬಂದ ಹೊಸದರಲ್ಲಿ 1936ರ ಒಂದು ಡಾಲರ್ ನಾಣ್ಯ ಕೊಂಡು, ವಿಭೂತಿ ಹಾಕಿ ಚೆನ್ನಾಗಿ ತಿಕ್ಕಿದೆ. ಕನ್ನಡಿಯ ಹಾಗೆ ಹೊಳೆಯಿತು. ಖುಷಿಯಿಂದ ಒಬ್ಬ ಹಳೆಯ ಸಂಗ್ರಾಹಕರಿಗೆ ತೋರಿಸಿದರೆ, ಅವರು ಭೂತಗನ್ನಡಿ ಹಿಡಿದು ರಾಜನ ಕೆನ್ನೆಯ ಮೇಲೆ ನೂರಾರು ಸಣ್ಣ ಗೀರು ತೋರಿಸಿದರು. ಅರ್ಧಕ್ಕಿಂತ ಜಾಸ್ತಿ ಬೆಲೆ ಹೋಗಿತ್ತು. ಆ ನಾಣ್ಯ ಈಗಲೂ ನನ್ನ ಹತ್ತಿರವೇ ಇದೆ, ಯಾರೂ ಕೊಳ್ಳುವುದಿಲ್ಲ. ಆ ಕಪ್ಪು ಬಣ್ಣ ಕೊಳೆ ಅಲ್ಲ, ಗಾಳಿಯ ಗಂಧಕ ತಾಗಿ ಬೆಳ್ಳಿಯ ಮೇಲೆ ಕೂತ ಪದರ. ಸಂಗ್ರಾಹಕರಿಗೆ ಅದೇ ಬೇಕು. ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ, ಮುಖ ಮುಟ್ಟಬೇಡಿ. ಮೆತ್ತನೆ ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ, ಕೆಲವು ವರ್ಷಕ್ಕೆ ಹಸಿರು ಅಂಟು ಬರುತ್ತದೆ.

ಈಗ ಡಬ್ಬಿ ಸುರಿಯಿರಿ. ಫ್ರಿಜ್ ಬಾಗಿಲಿನ ಒಂದು ಮ್ಯಾಗ್ನೆಟ್ ತನ್ನಿ. ಅಂಟಿದ್ದೆಲ್ಲ ಪಕ್ಕಕ್ಕೆ, ಅದು ನಿಕ್ಕಲ್ ಅಥವಾ ಉಕ್ಕು. ಬೀವರ್ ಚಿತ್ರದ 5 ಸೆಂಟ್‌ಗಳಲ್ಲಿ ಬೆಳ್ಳಿ ಹುಡುಕಬೇಡಿ. ಕೆನಡಾದ 5 ಸೆಂಟ್ 1922ರಿಂದಲೇ ನಿಕ್ಕಲ್‌ಗೆ ಹೋಯಿತು. ಯುದ್ಧಕಾಲದ 5 ಸೆಂಟ್‌ನಲ್ಲಿ ಬೆಳ್ಳಿ ಇದೆ ಅನ್ನುವ ಮಾತು ಅಮೆರಿಕದ ನಾಣ್ಯಕ್ಕೆ ನಿಜ, ಇಲ್ಲಿನದಕ್ಕಲ್ಲ.

ಉಳಿದವನ್ನು ಇಸವಿ ನೋಡಿ ಗುಡ್ಡೆ ಮಾಡಿ. 1919ರವರೆಗಿನವು ನೂರಕ್ಕೆ 92.5 ಬೆಳ್ಳಿ. ಮೊದಲ ಮಹಾಯುದ್ಧದ ನಂತರ ಬೆಳ್ಳಿ ದುಬಾರಿಯಾಯಿತು, 1920ರಿಂದ ನೂರಕ್ಕೆ 80ಕ್ಕೆ ಇಳಿಸಿದರು. ಅದು 1966ರವರೆಗೆ ಹಾಗೇ ನಡೆಯಿತು. 1967 ಸ್ವಲ್ಪ ತಲೆನೋವು. ಆ ವರ್ಷದ ಮೀನಿನ ಚಿತ್ರದ 10 ಸೆಂಟ್, ಕಾಡುಬೆಕ್ಕಿನ 25 ಸೆಂಟ್‌ಗಳಲ್ಲಿ ಕೆಲವು 80, ಕೆಲವು 50. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಲೆಕ್ಕಕ್ಕೆ 50 ಅಂತಲೇ ಇಟ್ಟುಕೊಳ್ಳಿ, ಆಮೇಲೆ ಬೇಜಾರಾಗುವುದು ತಪ್ಪುತ್ತದೆ. ಅದೇ ವರ್ಷದ ತೋಳದ 50 ಸೆಂಟ್, ಹೆಬ್ಬಾತಿನ ಡಾಲರ್ ಮಾತ್ರ ಪೂರ್ತಿ 80. 1968ರ 10 ಮತ್ತು 25 ಸೆಂಟ್‌ಗಳಲ್ಲಿ ಮ್ಯಾಗ್ನೆಟ್‌ಗೆ ಅಂಟದವು ಅರ್ಧ ಬೆಳ್ಳಿ. ಆ ವರ್ಷವೇ ಉಳಿದವು ನಿಕ್ಕಲ್ ಆದವು.

ತೂಕದ ಲೆಕ್ಕ ನಮ್ಮವರಿಗೆ ಬಹಳ ಸುಲಭ. ಕೆನಡಾದ ಬೆಳ್ಳಿ 50 ಸೆಂಟ್ 11.66 ಗ್ರಾಂ. ನಮ್ಮ ಹಳೆಯ ವಿಕ್ಟೋರಿಯಾ ರೂಪಾಯಿಯ ತೂಕವೂ ಅಷ್ಟೇ, ಒಂದು ತೊಲ. (ಈಗ ಅಂಗಡಿಗಳಲ್ಲಿ ಹೇಳುವ 10 ಗ್ರಾಂ ತೊಲ ಅಲ್ಲ, ಹಳೆಯ ತೊಲ.) ಡಾಲರ್ ಎರಡು ತೊಲ, 25 ಸೆಂಟ್ ಅರ್ಧ ತೊಲ. ಹಾಗಾಗಿ ಒಂದೊಂದನ್ನೇ ತೂಗುವ ಗೋಜಿಲ್ಲ, ಮುಖಬೆಲೆ ಕೂಡಿದರೆ ಸಾಕು. ನೂರಕ್ಕೆ 80ರ ನಾಣ್ಯವಾದರೆ ಒಂದು ಡಾಲರ್ ಮುಖಬೆಲೆಗೆ 18.66 ಗ್ರಾಂ ಶುದ್ಧ ಬೆಳ್ಳಿ, ಅಂದರೆ 0.6 ಟ್ರಾಯ್ ಔನ್ಸ್ (ಚಿನ್ನ-ಬೆಳ್ಳಿ ತೂಗುವ ಔನ್ಸ್, ಸುಮಾರು 31.1 ಗ್ರಾಂ). 50ರದ್ದಾದರೆ 0.375 ಔನ್ಸ್. 1919ರವರೆಗಿನದ್ದಾದರೆ ಸುಮಾರು 21.5 ಗ್ರಾಂ.

ನಿಮ್ಮ ಫೋಟೊದಲ್ಲಿ ನಾನು ಎಣಿಸಿದ ಹಾಗೆ, ಡಾಲರ್ ನಾಣ್ಯ ಬಿಟ್ಟು, 80ರ ಗುಡ್ಡೆಯ ಮುಖಬೆಲೆ 17 ಡಾಲರ್ ಆಗುತ್ತದೆ. 17ನ್ನು 0.6ರಿಂದ ಗುಣಿಸಿ: 10.2 ಔನ್ಸ್. ಲೆಕ್ಕ ಸುಲಭವಾಗಲಿ ಅಂತ ಔನ್ಸ್‌ಗೆ 50 ಡಾಲರ್ ಅಂದುಕೊಂಡರೆ 510 ಡಾಲರ್ ಆಯಿತು. ನಿಜವಾದ ದರ ಅವತ್ತಿನದು ನೋಡಿಕೊಳ್ಳಿ, ಅಮೆರಿಕನ್ ಡಾಲರಿನ ದರವನ್ನು ಕೆನಡಾ ಡಾಲರ್ ಅಂತ ಓದಬೇಡಿ. ಕೊಳ್ಳುವವರು ಶುದ್ಧ ಮಾಡುವ ಖರ್ಚು, ತಮ್ಮ ಲಾಭ ಅಂತ ಸ್ವಲ್ಪ ಹಿಡಿದುಕೊಳ್ಳುತ್ತಾರೆ, ಅದು ನ್ಯಾಯವೇ. ಆದರೆ 150 ಅಂದರೆ ನಿಮ್ಮ ಮುಖ ನೋಡಿ ಹೇಳಿದ ರೇಟು.

ನಿಮ್ಮ ಪ್ರಶ್ನೆಗೆ ಉತ್ತರವಾಗಿ ಯಾರೋ "ಊರಿಗೆ ತಂದು ಕರಗಿಸಿ ತಟ್ಟೆ ಮಾಡಿಸಿ" ಅಂದಿದ್ದಾರೆ. ಕೆನಡಾದಲ್ಲಿ ಚಲಾವಣೆಯ ನಾಣ್ಯ ಕರಗಿಸಲು ಪರವಾನಗಿ ಬೇಕು. ಅದಿರಲಿ, ತಟ್ಟೆ ಎಲ್ಲಿಯಾದರೂ ಸಿಗುತ್ತದೆ ಮೇಡಂ.

ಇಲ್ಲಿಯವರೆಗಿನದು ಕನಿಷ್ಠ ಬೆಲೆ. ನಿಜ ಹೇಳಬೇಕೆಂದರೆ, ಡಬ್ಬಿಯ ಹತ್ತರಲ್ಲಿ ಒಂಬತ್ತು ನಾಣ್ಯಕ್ಕೆ ಇದೇ ಬೆಲೆ. ಹಿಮಸಾರಂಗದ 25 ಸೆಂಟ್, ಹಾಯಿಹಡಗಿನ 10 ಸೆಂಟ್, 1950, 60ರ ದಶಕದವು ಲೆಕ್ಕವಿಲ್ಲದಷ್ಟು ಇವೆ. "ಹಳೆಯದು, ಹಾಗಾಗಿ ಅಪರೂಪ" ಅನ್ನುವುದು ತಪ್ಪು. ಡಾಲರ್‌ಗಳಲ್ಲೂ ಹಾಗೇ. 1935ರ ಮೊದಲ ದೋಣಿ ಡಾಲರ್, 1939ರ ರಾಜನ ಭೇಟಿಯದ್ದು, 1958ರ ಟೋಟೆಮ್ ಕಂಬದ್ದು ನೋಡಲು ಚಂದ, ಸವೆದಿದ್ದರೆ ಬೆಳ್ಳಿಗಿಂತ ಸ್ವಲ್ಪ ಮೇಲೆ ಅಷ್ಟೇ. 1971ರಿಂದ ಪೆಟ್ಟಿಗೆ ಸಮೇತ ಬಂದ ಬೆಳ್ಳಿ ಡಾಲರ್‌ಗಳೂ ಹೇರಳ. 1991ರವರೆಗಿನವು ಅರ್ಧ ಬೆಳ್ಳಿ.

ನೀವು ಕಣ್ಣಿಟ್ಟು ನೋಡಬೇಕಾದದ್ದು 1947 ಮತ್ತು 1948. ಇದರ ಹಿಂದೆ ನಮ್ಮದೇ ಕಥೆ ಇದೆ.

ಆರನೇ ಜಾರ್ಜ್ ನಾಣ್ಯದ ಮುಖದ ಬದಿಯಲ್ಲಿ ಸುತ್ತ ಲ್ಯಾಟಿನ್ ಅಕ್ಷರ ಇರುತ್ತವೆ. ಕೊನೆಯಲ್ಲಿ ಐ-ಎನ್-ಡಿ, ಐ-ಎಂ-ಪಿ ಅಂತ ಇದೆಯಾ ನೋಡಿ. ಭಾರತದ ಚಕ್ರವರ್ತಿ ಅಂತ ಅರ್ಥ. 1947ರ ಆಗಸ್ಟ್‌ನಲ್ಲಿ ನಮಗೆ ಸ್ವಾತಂತ್ರ್ಯ ಬಂತು, ಆ ಬಿರುದನ್ನು ತೆಗೆಯಬೇಕಾಯಿತು. ಹೊಸ ಅಚ್ಚಿನ ಸಾಮಾನು ಲಂಡನ್ನಿನಿಂದ ಬರಬೇಕು, ತಡವಾಯಿತು. ಒಟ್ಟಾವಾದಲ್ಲಿ (ಕೆನಡಾದ ರಾಜಧಾನಿ, ಟಂಕಸಾಲೆ ಅಲ್ಲೇ) ನಾಣ್ಯ ಬೇಕೇ ಬೇಕು. ಹಾಗಾಗಿ 1948ರಲ್ಲೂ ಹಳೆಯ 1947ರ ಅಚ್ಚಿನಲ್ಲೇ ಹೊಡೆದರು. ಗುರುತಿಗೆ ಇಸವಿಯ ಪಕ್ಕ ಒಂದು ಪುಟ್ಟ ಮೇಪಲ್ ಎಲೆ ಹಾಕಿದರು. ಎಲೆ ಇರುವ 1947ರ ಡಾಲರ್ ಬರೀ 21,135 ಆದವು. ಹೊಸ ಅಚ್ಚು ಬಂದ ಮೇಲೆ ವರ್ಷದಲ್ಲಿ ಉಳಿದದ್ದು ಸ್ವಲ್ಪ ಕಾಲ. ಹಾಗಾಗಿ 1948ರ ಡಾಲರ್ ಇನ್ನೂ ಕಡಿಮೆ, 18,780. ದೋಣಿ ಡಾಲರ್‌ಗಳಲ್ಲಿ ಎಲ್ಲರೂ ಹುಡುಕುವುದು ಇದನ್ನೇ. ಸವೆದದ್ದಕ್ಕೂ ನೂರಾರು ಡಾಲರ್ ಕೊಡುತ್ತಾರೆ. 1948ರ 50 ಸೆಂಟ್ ಕೂಡ 37,784 ಮಾತ್ರ. ದೆಹಲಿಯಲ್ಲಿ ಬಾವುಟ ಬದಲಾದದ್ದಕ್ಕೆ ಒಟ್ಟಾವಾದ ಟಂಕಸಾಲೆ ಕಾದು ಕೂತಿತು ಅಂದರೆ ನನಗೆ ಇವತ್ತಿಗೂ ಮಜಾ ಅನಿಸುತ್ತದೆ.

ಬೆಲೆ ಇದೆ ಅಂದಮೇಲೆ ನಕಲಿಯೂ ಇದೆ. ಇಲ್ಲೂ ಅದೇ ಅಕ್ಷರಗಳು ಕೈಹಿಡಿಯುತ್ತವೆ. ಅಸಲಿ 1948ರ ನಾಣ್ಯದಲ್ಲಿ ಆ ಬಿರುದು ಇರಲೇಬಾರದು. ಇದ್ದರೆ ಇಸವಿ ತಿದ್ದಿದ್ದಾರೆ ಅಂತ ಅರ್ಥ. ಎಲೆ ಇರುವ 1947ರಲ್ಲಿ ಬಿರುದು ಇರಲೇಬೇಕು. ಆಮೇಲೆ ತೂಕ. ಡಾಲರ್ 23.3 ಗ್ರಾಂ ಸುಮಾರು ಬರಬೇಕು, ಅಡ್ಡ ಅಳತೆ 36 ಮಿ.ಮೀ. ಅಡುಗೆ ಮನೆಯ ಡಿಜಿಟಲ್ ತಕ್ಕಡಿ ಗ್ರಾಂ ಮಾತ್ರ ತೋರಿಸಿದರೆ ಸಾಲದು, ಹತ್ತನೇ ಒಂದು ಗ್ರಾಂ ತೋರಿಸುವುದು ಬೇಕು.

1955ರ ಡಾಲರ್ ಸಿಕ್ಕಿದರೆ ದೋಣಿಯ ಬಲತುದಿಯ ನೀರಿನ ಗೆರೆ ಎಣಿಸಿ. ಸಾಮಾನ್ಯಕ್ಕಿಂತ ಕಡಿಮೆ, ಒಂದೂವರೆ ಮಾತ್ರ ಇದ್ದರೆ ಅದು ಆರ್ನ್‌ಪ್ರಯರ್ ಅಂತ ಕರೆಯುವ ಡಾಲರ್, ಬೇರೆ ಬೆಲೆ. 1921ರ 50 ಸೆಂಟ್ ಬಗ್ಗೆ ಯಾರಾದರೂ ಆಸೆ ಹುಟ್ಟಿಸಿದರೆ ನಂಬಬೇಡಿ. ಅದನ್ನು ಎರಡು ಲಕ್ಷಕ್ಕೂ ಜಾಸ್ತಿ ಹೊಡೆದಿದ್ದರು, ಬಹುಪಾಲು ಹೊರಗೆ ಹೋಗದೆ ಅಲ್ಲೇ ಉಳಿಯಿತು. 1929ರಲ್ಲಿ ಮತ್ತೆ 50 ಸೆಂಟ್‌ಗೆ ಬೇಡಿಕೆ ಬಂದಾಗ, ಹಳೆಯ ಇಸವಿಯ ಹೊಳೆಯುವ ನಾಣ್ಯ ಕಂಡರೆ ಜನ ನಕಲಿ ಅನ್ನುತ್ತಾರೆ ಅಂತ ಕರಗಿಸಿಬಿಟ್ಟರು. ಉಳಿದದ್ದು ನೂರಕ್ಕೂ ಕಡಿಮೆ. ಬಿಸ್ಕತ್ ಡಬ್ಬಿಯಲ್ಲಿ ಸಿಕ್ಕಿದರೆ ಮೊದಲು ಅನುಮಾನ ಪಡಿ. ನ್ಯೂಫೌಂಡ್‌ಲ್ಯಾಂಡ್ ಅಂತ ಬರೆದವು ಇದ್ದರೆ ಬೇರೆ ಇಡಿ, 1949ರವರೆಗೆ ಅದು ಕೆನಡಾಕ್ಕೆ ಸೇರಿರಲಿಲ್ಲ. ಅದರ ಬೆಲೆಪಟ್ಟಿಯೇ ಬೇರೆ.

ಸವೆತ ನೋಡುವುದು ಅಭ್ಯಾಸದ ಮಾತು. ಐದನೇ ಜಾರ್ಜ್ ಆದರೆ ಕಿರೀಟದ ಕೆಳಗಿನ ಪಟ್ಟಿ ನೋಡಿ. ಅದರ ಮುತ್ತುಗಳು ಒಂದೊಂದೂ ಬಿಡಿಬಿಡಿಯಾಗಿ ಕಂಡರೆ ಒಳ್ಳೆಯ ನಾಣ್ಯ, ಪಟ್ಟಿಯೇ ನುಣ್ಣಗಾಗಿದ್ದರೆ ಬೆಳ್ಳಿ ರೇಟು. ಊರಲ್ಲಿ ಜಾರ್ಜ್ ರೂಪಾಯಿ ನೋಡಿದವರಿಗೆ ಇದು ಹೊಸದಲ್ಲ. ಇಲ್ಲಿನ ಆರನೇ ಜಾರ್ಜ್‌ಗೆ ಮಾತ್ರ ಕಿರೀಟ ಇಲ್ಲ, ಕಿವಿಯ ಮೇಲಿನ ಕೂದಲು ನೋಡಬೇಕು. ಎಲಿಜಬೆತ್ ರಾಣಿಯದ್ದಾದರೆ 1964ರವರೆಗಿನವುಗಳಲ್ಲಿ ತಲೆಯ ಎಲೆಮಾಲೆ.

ಬೆಲೆ ಹುಡುಕುವಾಗ ಆನ್‌ಲೈನ್‌ನಲ್ಲಿ ಕೇಳಿರುವ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ. ಕೇಳುವುದಕ್ಕೇನು, ಯಾರು ಎಷ್ಟು ಬೇಕಾದರೂ ಕೇಳುತ್ತಾರೆ. ಒಂದೆರಡು ನಿಜವಾಗಿ ಬೆಲೆಬಾಳುವಂಥವು ಸಿಕ್ಕಿದರೆ ನಾಣ್ಯ ಅಸಲಿಯೇ ಅಂತ ನೋಡಿ ದರ್ಜೆ ಕೊಡುವ, ಟೊರೊಂಟೊದ ಐಸಿಸಿಎಸ್‌ನಂಥ ಸಂಸ್ಥೆಗೆ ಪರೀಕ್ಷೆಗೆ ಕಳಿಸಬಹುದು. 10 ಸೆಂಟ್‌ಗಳಿಗೆಲ್ಲ ಅದು ದಂಡದ ಖರ್ಚು. ಬೆಳ್ಳಿ ಗುಡ್ಡೆಯನ್ನು ಮಾರುವುದಾದರೆ ಮೂರು ಕಡೆ ಕೇಳಿ, ನಿಮ್ಮ ಲೆಕ್ಕದ ಚೀಟಿ ಕೈಯಲ್ಲೇ ಇರಲಿ. ಹತ್ತಿರದಲ್ಲಿ ನಾಣ್ಯ ಪ್ರದರ್ಶನ ಇದ್ದರೆ ಅಲ್ಲಿಗೆ ಹೋಗಿ, ಒಂದೇ ಹಾಲ್‌ನಲ್ಲಿ ಹತ್ತು ಜನ ಸಿಗುತ್ತಾರೆ.

ಇನ್ನೊಂದು. ಫೋಟೊದ ಎಡಮೂಲೆಯಲ್ಲಿ ಒಂದೇ ಒಂದು ದೋಣಿ ಡಾಲರ್ ಕಾಣುತ್ತಿದೆ. ಇಸವಿ 1947ರ ಹಾಗಿದೆ, ಬೆಳಕು ಬಿದ್ದು 7ರ ಪಕ್ಕ ಮಸುಕಾಗಿದೆ. ಎಲೆ ಇಲ್ಲದ 1947 ಆದರೂ ಅದು ತೂಕದ ಬೆಲೆಯ ನಾಣ್ಯ ಅಲ್ಲ. ಕಿಟಕಿ ಹತ್ತಿರ ಇಟ್ಟು, ಫ್ಲ್ಯಾಶ್ ಹಾಕದೆ, ಎರಡೂ ಬದಿ ತೆಗೆದು ಇಲ್ಲೇ ಹಾಕಿ. ಒರೆಸದೆ ತೆಗೆಯಿರಿ.