ಹುಟ್ಟುಹಬ್ಬಕ್ಕೆ ಒಬ್ಬಳೇ ದ್ವೀಪಕ್ಕೆ ಹೋಗುವುದಾದರೆ ಎಂಥ ದ್ವೀಪ ಆರಿಸಬೇಕು?

ನೀವು ಕೇಳಿರುವುದು ಇಷ್ಟು: 38 ತುಂಬುತ್ತಿದೆ, ಈ ವರ್ಷ ಪಾರ್ಟಿ ಗದ್ದಲ ಯಾವುದೂ ಬೇಡ, ಜನ ಅಷ್ಟಾಗಿ ಹೋಗದ ಒಂದು ದ್ವೀಪದಲ್ಲಿ ನಾಲ್ಕು ದಿನ ಒಬ್ಬಳೇ ಇದ್ದು ಬರಬೇಕು, ಎಲ್ಲಿ ಹುಡುಕಲಿ, ಆ ದಿನ ಒಬ್ಬಳೇ ಇದ್ದರೆ ಬೇಜಾರಾಗಲ್ವಾ?

ಹೋಗಿ. ನಾನೂ ಹುಟ್ಟುಹಬ್ಬಕ್ಕೆ ಅಂತಲೇ ಒಬ್ಬಳೇ ಹೋಗಿದ್ದವಳು, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ. ದ್ವೀಪ ಆರಿಸುವ ವಿಷಯದಲ್ಲಿ ಮಾತ್ರ ನನ್ನದೊಂದು ಗಟ್ಟಿ ಅಭಿಪ್ರಾಯ ಇದೆ. ಯಾರೂ ಹೆಸರು ಕೇಳಿರದ ಜಾಗಕ್ಕಾಗಿ ಮ್ಯಾಪ್ ಜಾಲಾಡುತ್ತಾ ಕೂರಬೇಡಿ. ಬೆಳಿಗ್ಗೆ ಜನ ಬಂದು ಸಂಜೆ ದೋಣಿಗೆ ವಾಪಸ್ ಹೋಗಿಬಿಡುವ ದ್ವೀಪಗಳು ಬೇಕಾದಷ್ಟಿವೆ. ಅಂಥ ಕಡೆ ರಾತ್ರಿ ಉಳಿಯಿರಿ. ಹಗಲು ಜನ ಬರುವುದರಿಂದ ದೋಣಿ, ಊಟ, ಉಳಿಯೋ ಜಾಗ ಎಲ್ಲ ಸಿಗುತ್ತದೆ. ಸಂಜೆಯ ಮೇಲೆ ನೀವು ಹುಡುಕುತ್ತಿರುವ ಮೌನವೂ ಸಿಗುತ್ತದೆ.

ನಾನು ಹೋಗಿದ್ದು ಸಾರ್ಕ್‌ಗೆ. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಚಾನೆಲ್ ದ್ವೀಪಗಳಲ್ಲಿ ಅದೊಂದು ಚಿಕ್ಕ ದ್ವೀಪ, ಹೆಚ್ಚುಕಡಿಮೆ 5 ಚದರ ಕಿಲೋಮೀಟರ್, ಅಲ್ಲಿರುವವರು ಸುಮಾರು 500 ಜನ. ವಿಮಾನ ನಿಲ್ದಾಣ ಇಲ್ಲ, ಪಕ್ಕದ ಗರ್ನ್ಸಿ ದ್ವೀಪದಿಂದ ದೋಣಿಯಲ್ಲಿ ಒಂದು ಗಂಟೆಯೊಳಗೆ ತಲುಪಬಹುದು. ಕಾರುಗಳಿಗೆ ಅಲ್ಲಿ ಪ್ರವೇಶವೇ ಇಲ್ಲ. ಟ್ರ್ಯಾಕ್ಟರ್, ಸೈಕಲ್, ಕುದುರೆ ಗಾಡಿ ಇಷ್ಟೇ. ಬಂದರಿನಿಂದ ಮೇಲಕ್ಕೆ ಏರು ಹತ್ತಲು ಟ್ರ್ಯಾಕ್ಟರ್‌ಗೆ ಕಟ್ಟಿದ ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ಬೀದಿ ದೀಪಗಳಿಲ್ಲ. ಇದೇ ಕಾರಣಕ್ಕೆ 2011ರಲ್ಲಿ ಜಗತ್ತಿನ ಮೊದಲ ಡಾರ್ಕ್ ಸ್ಕೈ ಐಲ್ಯಾಂಡ್, ಅಂದರೆ ರಾತ್ರಿ ಆಕಾಶ ಕತ್ತಲಾಗಿಯೇ ಉಳಿದು ನಕ್ಷತ್ರ ಚೆನ್ನಾಗಿ ಕಾಣುವ ದ್ವೀಪ ಅಂತ ಅದಕ್ಕೆ ಮಾನ್ಯತೆ ಸಿಕ್ಕಿತು. ಹಗಲು ಬಂದು ಹೋಗುವವರು ಈ ಆಕಾಶವನ್ನೇ ನೋಡದೆ ವಾಪಸ್ ಹೋಗುತ್ತಾರೆ, ನನಗೆ ಅವರ ಬಗ್ಗೆ ನಿಜಕ್ಕೂ ಪಾಪ ಅನ್ನಿಸುತ್ತದೆ.

ಅಲ್ಲಿ ಲಾ ಕೂಪೇ ಅಂತ ಒಂದು ಜಾಗ ಇದೆ. ದ್ವೀಪದ ಎರಡು ಭಾಗಗಳಾದ ದೊಡ್ಡ ಸಾರ್ಕ್ ಮತ್ತು ಲಿಟಲ್ ಸಾರ್ಕ್ ಎರಡನ್ನೂ ಸೇರಿಸುವ ಕಿರಿದಾದ ಬಂಡೆ ದಾರಿ. ಅಗಲ ಸುಮಾರು 3 ಮೀಟರ್, ಎರಡೂ ಕಡೆ ಸುಮಾರು 80 ಮೀಟರ್ ಕೆಳಗೆ ಸಮುದ್ರ. ಈಗಿರುವ ಕಾಂಕ್ರೀಟ್ ದಾರಿ ಮತ್ತು ಕಂಬಿಗಳು 1945ರಲ್ಲಿ ಬಂದವು, ಯುದ್ಧ ಮುಗಿದ ಮೇಲೆ ಜರ್ಮನ್ ಯುದ್ಧಕೈದಿಗಳ ಕೈಯಲ್ಲಿ ಕಟ್ಟಿಸಿದ್ದು. ಕಂಬಿಗಳೇ ಇಲ್ಲದ ಹಳೇ ಕಾಲದಲ್ಲಿ ಗಾಳಿ ಜೋರಾದಾಗ ಶಾಲೆಗೆ ಹೋಗುವ ಮಕ್ಕಳು ತೆವಳಿಕೊಂಡು ದಾಟುತ್ತಿದ್ದರಂತೆ. ಮಧ್ಯಾಹ್ನ ಹೋದರೆ ಅಲ್ಲಿ ಫೋಟೋ ತೆಗೆಯುವವರ ಸಾಲೇ ಇರುತ್ತದೆ, ಸೈಕಲ್ ತಳ್ಳಿಕೊಂಡು ಅವರ ನಡುವೆ ಜಾಗ ಮಾಡಿಕೊಂಡು ನಡೆಯಬೇಕು, ಅದೇ ಜಾಗಕ್ಕೆ ಸಂಜೆ ದೋಣಿ ಹೋದ ಮೇಲೆ ಮತ್ತೆ ಬಂದರೆ ಕೆಳಗಿನ ಅಲೆ ಸದ್ದು, ಗಾಳಿ, ನೀವು, ಅಷ್ಟೇ. ನನ್ನ ಹುಟ್ಟುಹಬ್ಬದ ಸಂಜೆ ನಾನು ಅಲ್ಲೇ ಕಂಬಿ ಹಿಡಿದು ತುಂಬಾ ಹೊತ್ತು ನಿಂತಿದ್ದೆ. ಹಿಂದಿನ ವರ್ಷ ತೀರಿಕೊಂಡವರನ್ನು ನೆನೆಸಿಕೊಂಡೆ, ಸ್ವಲ್ಪ ಅತ್ತೆ, ಆಮೇಲೆ ಹಗುರಾಯಿತು. ಮನೆಯಲ್ಲಿ, ಎಲ್ಲರ ಮಧ್ಯೆ, ನಗುತ್ತಾ ಫೋಟೋಗೆ ನಿಲ್ಲಬೇಕಾದ ದಿನ ಇದಕ್ಕೆ ಜಾಗ ಎಲ್ಲಿರುತ್ತದೆ ಹೇಳಿ.

ಸಾರ್ಕೇ ಆಗಬೇಕು ಅಂತೇನಿಲ್ಲ. ಸ್ಕಾಟ್ಲೆಂಡ್‌ನ ಅಯೋನಾ ಕೂಡ ಹೀಗೇ. ಹಗಲಿಡೀ ಮಲ್ ದ್ವೀಪದ ಮೂಲಕ ಬಸ್ಸುಗಳಲ್ಲಿ ಬಂದ ಜನ ಹಳೇ ಮಠ ನೋಡಿ ಸಂಜೆಗೆ ಹೊರಟುಬಿಡುತ್ತಾರೆ, ಪ್ರವಾಸಿಗರ ಕಾರು ಆ ಕಡೆಗೇ ಬಿಡುವುದಿಲ್ಲ. ಜಪಾನಿನ ಮಿಯಾಜಿಮಾ ಹಗಲು ಕಾಲಿಡಲು ಜಾಗವಿಲ್ಲದಷ್ಟು ತುಂಬಿರುತ್ತದೆ. ಸಮುದ್ರದಲ್ಲಿ ನಿಂತ ಆ ದೇಗುಲದ ಕೆಂಪು ತೋರಣದ್ವಾರದ ಚಿತ್ರ ನೀವೂ ನೋಡಿರುತ್ತೀರಿ. ದ್ವೀಪದ ಮೇಲೇ ಇರುವ ಛತ್ರದಂಥ ಹಳೇ ವಸತಿಗೃಹಗಳಲ್ಲಿ ಉಳಿದವರಿಗೆ ಮಾತ್ರ ರಾತ್ರಿ ಅದರ ಎದುರು ಸುಮ್ನೆ ಕೂರೋ ಅವಕಾಶ. ನೀರು ತುಂಬಿದಾಗ ತೋರಣ ತೇಲುತ್ತಿರುವ ಹಾಗೆ ಕಾಣುತ್ತದೆ, ಇಳಿದಾಗ ಅದರ ಬುಡದವರೆಗೂ ನಡೆದೇ ಹೋಗಬಹುದು.

ನೀರು ಏರಿಳಿಯುವ ಮಾತು ಬಂತಲ್ಲ, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ದ್ವೀಪದಲ್ಲಿ ದಿನ ಹೇಗೆ ಕಳೆಯುತ್ತದೆ ಅನ್ನುವುದನ್ನು ತೀರ್ಮಾನ ಮಾಡುವುದು ಗಡಿಯಾರಕ್ಕಿಂತ ಭರತ ಇಳಿತ. ಹೆಚ್ಚಿನ ಕಡೆ ದಿನಕ್ಕೆ ಎರಡು ಸಲ ನೀರು ಏರಿ ಎರಡು ಸಲ ಇಳಿಯುತ್ತದೆ, ಒಂದು ಏರಿಕೆಯಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದ್ದರಿಂದ ಇವತ್ತು ಬೆಳಿಗ್ಗೆ ಹತ್ತಕ್ಕೆ ಬಯಲಾದ ಮರಳ ದಂಡೆ ನಾಳೆ ಬಯಲಾಗುವುದು ಹತ್ತು ಮುಕ್ಕಾಲರ ಆಚೆಗೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ. ಸಾರ್ಕ್ ಸುತ್ತಮುತ್ತ ಅಂಥ ದಿನಗಳಲ್ಲಿ ನೀರಿನ ಮಟ್ಟ 10 ಮೀಟರ್‌ನಷ್ಟು ವ್ಯತ್ಯಾಸವಾಗುತ್ತದೆ. ಲಿಟಲ್ ಸಾರ್ಕ್ ತುದಿಯಲ್ಲಿ ವೀನಸ್ ಪೂಲ್ ಅಂತ ಬಂಡೆಗಳ ನಡುವೆ ಒಂದು ದುಂಡನೆಯ ಕೊಳ ಇದೆ, ನೀರು ಇಳಿದ ಆ ಕೆಲವು ಗಂಟೆ ಮಾತ್ರ ಅಲ್ಲಿಗೆ ಇಳಿಯಲು ಸಾಧ್ಯ. ನಿಮ್ಮ ಹುಟ್ಟುಹಬ್ಬದ ದಿನ ಆ ಗಂಟೆಗಳು ಎಷ್ಟು ಹೊತ್ತಿಗೆ ಬೀಳುತ್ತವೆ ಅಂತ ಟೈಡ್ ಟೇಬಲ್‌ನಲ್ಲಿ ಮೊದಲೇ ನೋಡಿಕೊಳ್ಳಿ.

ಚಂದ್ರನನ್ನೂ ನೋಡಿಕೊಳ್ಳಿ. ನಕ್ಷತ್ರ ಬೇಕಾದರೆ ಅಮಾವಾಸ್ಯೆ ಹತ್ತಿರ ಇರಬೇಕು, ಬೆಳದಿಂಗಳಲ್ಲಿ ನಡೆಯಬೇಕಾದರೆ ಹುಣ್ಣಿಮೆ. ಹುಟ್ಟುಹಬ್ಬದ ತಾರೀಕನ್ನು ನಾವು ಆರಿಸಲಾಗುವುದಿಲ್ಲ ನಿಜ, ಆದರೆ ನಿಮ್ಮ ವಿಷಯದಲ್ಲಿ ಒಂದು ಖುಷಿಯ ಸಂಗತಿ ಇದೆ. 19 ವರ್ಷಕ್ಕೂ 235 ಚಾಂದ್ರಮಾಸಕ್ಕೂ ಕೆಲವೇ ಗಂಟೆಗಳ ವ್ಯತ್ಯಾಸ. ಹಾಗಾಗಿ 19 ವರ್ಷಕ್ಕೊಮ್ಮೆ ಅದೇ ತಾರೀಕಿಗೆ ಚಂದ್ರ ಹೆಚ್ಚುಕಡಿಮೆ ಅದೇ ಕಲೆಗೆ ಬರುತ್ತಾನೆ, ಆಚೆ ಈಚೆ ಒಂದು ದಿನ ಅಷ್ಟೇ. 38 ಅಂದರೆ ಎರಡು ಸುತ್ತು. ನೀವು ಹುಟ್ಟಿದ ದಿನ ಆಕಾಶದಲ್ಲಿ ಇದ್ದ ಚಂದ್ರನೇ ಈ ಸಲವೂ ಇರುತ್ತಾನೆ! ಇದನ್ನು ಬೀದಿ ದೀಪ ಇಲ್ಲದ ಜಾಗದಲ್ಲಿ ನೋಡುವುದಕ್ಕೆ ಮತ್ತೆ 57 ತುಂಬುವವರೆಗೆ ಕಾಯಬೇಕು, ಅದಕ್ಕಾದರೂ ಈ ವರ್ಷವೇ ಹೋಗಿ.

ಇನ್ನು ದಿನಗಳ ಲೆಕ್ಕ. ನಾಲ್ಕು ದಿನ ಅಂದಿದ್ದೀರಿ. ಹುಟ್ಟುಹಬ್ಬ ಮಧ್ಯದಲ್ಲಿ ಬರಲಿ, ಮೊದಲ ದಿನವೂ ಬೇಡ, ಕೊನೇ ದಿನವೂ ಬೇಡ. ಗಾಳಿ ಎದ್ದರೆ ದೋಣಿ ನಿಲ್ಲುತ್ತದೆ, ಮಂಜು ಕವಿದರೆ ಚಿಕ್ಕ ವಿಮಾನ ನಿಲ್ಲುತ್ತದೆ, ಇದರಲ್ಲಿ ಯಾರ ತಪ್ಪೂ ಇಲ್ಲ. ಹುಟ್ಟುಹಬ್ಬದ ದಿನವೇ ತಲುಪುವ ಹಾಗೆ ಇಟ್ಟುಕೊಂಡರೆ ಆ ದಿನ ಬಂದರಿನ ಬೆಂಚಿನ ಮೇಲೆ ಮುಗಿಯಬಹುದು. ವಾಪಸ್ ಬರುವಾಗ ದ್ವೀಪದಿಂದ ಹೊರಡುವ ದಿನಕ್ಕೂ ಮುಂದಿನ ದೊಡ್ಡ ವಿಮಾನಕ್ಕೂ ನಡುವೆ ಒಂದು ಇಡೀ ದಿನ ಬಿಡಿ. ಇದೊಂದು ವಿಷಯದಲ್ಲಿ ಮಾತ್ರ ದಯವಿಟ್ಟು ಜಿಪುಣತನ ಮಾಡಬೇಡಿ.

ಮೊದಲ ಸಲಕ್ಕೇ ತೀರಾ ದೂರದ ಜಾಗ ಬೇಡ ಅನ್ನುವುದೂ ಇದಕ್ಕೇ. ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ ಇರುವ ಟ್ರಿಸ್ಟನ್ ಡ ಕೂನ್ಯಾ ದ್ವೀಪದ ಬಗ್ಗೆ ಓದಿ ಆಸೆಪಡುವವರು ಬಹಳ. ಅಲ್ಲಿ ವಿಮಾನ ನಿಲ್ದಾಣ ಇಲ್ಲ, ಕೇಪ್ ಟೌನ್‌ನಿಂದ ಹಡಗಿನಲ್ಲಿ ಹೆಚ್ಚುಕಡಿಮೆ ಒಂದು ವಾರ, ಹೋಗುವ ಮುಂಚೆ ದ್ವೀಪದ ಕೌನ್ಸಿಲ್‌ನ ಅನುಮತಿ ಬೇಕು. ಇಂಥ ತಾರೀಕಿಗೆ ಅಲ್ಲಿರಲೇಬೇಕು ಅನ್ನುವವರಿಗೆ ಅದು ಹೊಂದುವುದಿಲ್ಲ.

ಒಬ್ಬಳೇ ಹೋಗುವುದರ ಬಗ್ಗೆ ಭಯ ಇದ್ದೇ ಇರುತ್ತದೆ. ಚಿಕ್ಕ ದ್ವೀಪದಲ್ಲಿ ನೀವು ಬಂದಿಳಿದ ಸುದ್ದಿ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗಿರುತ್ತದೆ, ನನಗಂತೂ ಅದರಿಂದ ಸಮಾಧಾನವೇ ಆಯಿತು. ನಿಜವಾದ ಅಪಾಯ ಇರುವುದು ಬಂಡೆ ಮತ್ತು ನೀರಿನ ಹತ್ತಿರ. ನಡೆಯಲು ಹೊರಡುವಾಗ ಯಾವ ಕಡೆ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯೊಡತಿಗೆ ಹೇಳಿ ಹೋಗಿ. ಒಬ್ಬರೇ ಈಜಬೇಡಿ, ದ್ವೀಪದ ತುದಿಗಳಲ್ಲಿ ನೀರಿನ ಸೆಳೆತ ಜಾಸ್ತಿ, ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ದಿನಾ ತೆಗೆದುಕೊಳ್ಳುವ ಮಾತ್ರೆ ಇದ್ದರೆ ನಾಲ್ಕು ದಿನಕ್ಕೆ ಬದಲು ಹತ್ತು ದಿನದ್ದು ಇಟ್ಟುಕೊಳ್ಳಿ. ಟಾರ್ಚ್, ಕೈಯಲ್ಲಿ ನಗದು, ಸಮುದ್ರ ಆಂಬುಲೆನ್ಸ್‌ವರೆಗೂ ಅನ್ವಯಿಸುವ ಇನ್ಶೂರೆನ್ಸ್, ಇವು ಇರಲಿ.

ಆ ದಿನದ ಬೇಜಾರು? ಬರುತ್ತದೆ, ಸುಳ್ಳು ಹೇಳಲ್ಲ. ನನಗೆ ಬಂದಿದ್ದು ಸಂಜೆ ಆರೇಳು ಗಂಟೆಗೆ, ನಡೆದು ಸುಸ್ತಾಗಿ ರೂಮಿಗೆ ಬಂದು ಶೂ ಬಿಚ್ಚಿದಾಗ. ಹಗಲಿನಲ್ಲಿ ಅದರ ಸುಳಿವೇ ಇರಲಿಲ್ಲ. ಆ ಹೊತ್ತಿಗೆ ಮನೆಯವರ ಜೊತೆ ಮಾತಾಡುವ ಏರ್ಪಾಡು ಮೊದಲೇ ಮಾಡಿಕೊಂಡಿದ್ದೆ, ಅದು ಬಹಳ ಒಳ್ಳೆಯದಾಯಿತು. ದಿನವಿಡೀ ಫೋನ್ ಬಂದ್, ಆ ಒಂದು ಗಂಟೆ ಮಾತ್ರ ಆನ್. ಬೆಳಿಗ್ಗೆಯಿಂದ ಒಂದೊಂದೇ ಶುಭಾಶಯಕ್ಕೆ ಉತ್ತರ ಕೊಡುತ್ತಾ ಇದ್ದರೆ ದ್ವೀಪದಲ್ಲಿದ್ದೂ ಮನೆಯಲ್ಲಿದ್ದ ಹಾಗೇ. ಮನೆಯವರು ಬೇಸರ ಮಾಡಿಕೊಳ್ಳುತ್ತಾರೆ ಅನ್ನುವ ಚಿಂತೆ ಇದ್ದರೆ ಹೊರಡುವ ಹಿಂದಿನ ವಾರ ಅವರ ಜೊತೆ ಒಂದು ಸಂಜೆ ಇಟ್ಟುಕೊಳ್ಳಿ. ಅವರಿಗೆ ನೀವು ಬೇಕು, ತಾರೀಕು ಅಷ್ಟು ಮುಖ್ಯ ಅಲ್ಲ.

ತಾರೀಕು ಅಂದಾಗ ಪೆಸಿಫಿಕ್ ಸಾಗರದ ದ್ವೀಪದೇಶ ಸಮೋವಾ ನೆನಪಾಗುತ್ತದೆ. 2011ರಲ್ಲಿ ಆ ದೇಶ, ದಾಟಿದರೆ ತಾರೀಕೇ ಒಂದು ದಿನ ಬದಲಾಗುವ ಅಂತರರಾಷ್ಟ್ರೀಯ ದಿನಾಂಕ ರೇಖೆಯ ಇನ್ನೊಂದು ಪಕ್ಕಕ್ಕೆ ಸೇರಿಕೊಂಡಾಗ ಡಿಸೆಂಬರ್ 30 ಅನ್ನುವ ದಿನವೇ ಅಲ್ಲಿ ಬರಲಿಲ್ಲ, 29 ಆದ ಮೇಲೆ ನೇರ 31. ಅವತ್ತು ಹುಟ್ಟಿದವರಿಗೆ ಆ ವರ್ಷ ಹುಟ್ಟುಹಬ್ಬ ಇಲ್ಲ. ಪಕ್ಕದ ಅಮೆರಿಕನ್ ಸಮೋವಾ ಹಳೇ ಪಕ್ಕದಲ್ಲೇ ಉಳಿಯಿತು. ಹಾಗಾಗಿ ಸಮೋವಾದಲ್ಲಿ ಹುಟ್ಟುಹಬ್ಬ ಮುಗಿಸಿ ಮಾರನೇ ದಿನ ಒಂದು ಗಂಟೆಗೂ ಕಡಿಮೆ ವಿಮಾನದಲ್ಲಿ ಹಾರಿ ಆ ಕಡೆ ಇಳಿದರೆ ಅದೇ ತಾರೀಕು ಮತ್ತೆ ಸಿಗುತ್ತದೆ. ನನಗೆ ಇದನ್ನು ಒಂದು ಸಲ ಮಾಡಲೇಬೇಕು ಅಂತ ಆಸೆ ಇದೆ.

ನಿಮ್ಮ ಹುಟ್ಟುಹಬ್ಬ ಯಾವ ತಿಂಗಳು ಅಂತ ಬರೆದಿಲ್ಲ. ಮೇ ಜೂನ್ ಆದರೆ ಸಾರ್ಕ್ ಅಥವಾ ಅಯೋನಾ, ಎರಡನೇ ಯೋಚನೆ ಬೇಡ, ಹಗಲು ಉದ್ದ, ದೋಣಿಗಳೂ ಜಾಸ್ತಿ. ಡಿಸೆಂಬರ್ ಜನವರಿ ಆದರೆ ಅಲ್ಲಿ ದೋಣಿಗಳೂ ಕಡಿಮೆ, ಬೆಳಕೂ ಕಡಿಮೆ. ಆಗ ಆಸ್ಟ್ರೇಲಿಯಾದ ಪೂರ್ವಕ್ಕಿರುವ ಲಾರ್ಡ್ ಹೌ ದ್ವೀಪ ನೋಡಿ, ಅಲ್ಲಿಗೆ ಅದು ಬೇಸಿಗೆ. ಓಡಾಟ ಹೆಚ್ಚಾಗಿ ಸೈಕಲ್‌ನಲ್ಲೇ. ಒಂದು ಹೊತ್ತಿಗೆ 400 ಪ್ರವಾಸಿಗರಿಗೆ ಮಾತ್ರ ಅಲ್ಲಿ ಉಳಿಯಲು ಬಿಡುತ್ತಾರೆ, ಆದ್ದರಿಂದ ರೂಮ್ ಸಿಕ್ಕಿದ ಮೇಲಷ್ಟೇ ವಿಮಾನದ ಟಿಕೆಟ್ ಮಾಡಿಸಿ.